ಸಂಕ ದಾಟುವ ಹೊತ್ತಿಗೆ ಒಮ್ಮೆ ಬನ್ನಿ

ಮಲೆನಾಡು ಮತ್ತು ಕರಾವಳಿ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ, ಲೋಕೋಪಯೋಗಿ ಮತ್ತು ಗ್ರಾಮೀಣಾಭಿವೃದ್ಧಿ ಇಲಾಖೆಯ ಸಚಿವರಿಗೆ, ಹಾಗೆಯೇ ಮಳೆ ರಜೆಯ ಸುದ್ದಿಗಾಗಿ ಬೆಳಿಗ್ಗೆ ಆರಕ್ಕೇ ಎದ್ದು ಮೊಬೈಲು ನೋಡುವ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ಇದು ಮಳೆ ರಜೆ ಬೇಡ ಎನ್ನುವ ಪತ್ರ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಮ್ಮ ಬೀದಿಯ ಮಕ್ಕಳು ನನ್ನನ್ನು ಬಿಡುವುದಿಲ್ಲ.

ನಾನು ಈಗ ಇರುವುದು ಶಿವಮೊಗ್ಗದಲ್ಲಿ. ಜೂನ್ ಬಂತೆಂದರೆ ನಮ್ಮ ಬೀದಿಯಲ್ಲಿ ಒಂದೇ ಪ್ರಶ್ನೆ: "ಡಿಸಿ ರಜೆ ಕೊಟ್ರಾ?" ಪಕ್ಕದ ಜಿಲ್ಲೆಗೆ ಕೊಟ್ಟು ನಮಗೆ ಕೊಡದಿದ್ದರೆ ಬೈಗುಳ. ರಜೆ ಕೊಟ್ಟ ದಿನವೇ ಬಿಸಿಲು ಬಂದರೆ ನಗು. ಸಂಜೆಯೊಳಗೆ ಅದರ ಮೇಲೆ ಹತ್ತು ಜೋಕು. ಡಿಸಿಗಳ ಪಾಡು ನೋಡಿ ಒಮ್ಮೊಮ್ಮೆ ನನಗೇ ಅಯ್ಯೋ ಅನಿಸುತ್ತದೆ. ಮಳೆ ಬರುತ್ತೋ ಇಲ್ಲವೋ ಎಂದು ಹಿಂದಿನ ರಾತ್ರಿಯೇ ಹೇಳಬೇಕು. ತಪ್ಪಿದರೆ ಊರೆಲ್ಲ ಆಡಿಕೊಳ್ಳುತ್ತದೆ.

ಪೇಟೆಯ ಮಕ್ಕಳಿಗೆ ಆ ರಜೆ ಅಂದರೆ ಬೆಚ್ಚಗೆ ಹೊದ್ದು ಇನ್ನೊಂದು ಗಂಟೆ ಮಲಗುವುದು. ಮಲಗಲಿ ಪಾಪ. ಆದರೆ ಇಂಥ ರಜೆ ಬೇಕೇ ಬೇಕು ಅನ್ನುವಂತೆ ಮಾಡಿದ್ದು ಪೇಟೆಯ ರಸ್ತೆ ಅಲ್ಲ. ಅಲ್ಲಿಂದ ಅರವತ್ತು ಎಪ್ಪತ್ತು ಕಿಲೋಮೀಟರ್ ಆಚೆ, ಹಳ್ಳದ ಮೇಲೆ ಅಡ್ಡ ಹಾಕಿದ ಎರಡು ಅಡಿಕೆ ಮರ. ನಾವು ಅದಕ್ಕೆ ಸಂಕ ಅನ್ನುತ್ತೇವೆ. ಪೇಪರಿನವರು ಕಾಲುಸಂಕ ಎಂದು ಬರೆಯುತ್ತಾರೆ.

ನಾನು ಹುಟ್ಟಿದ್ದು ಹೊಸನಗರ ತಾಲೂಕಿನ ಒಂದು ಹಳ್ಳಿಯಲ್ಲಿ. ಹಳ್ಳಿ ಎಂದರೆ ಬಯಲುಸೀಮೆಯ ಹಾಗೆ ಒತ್ತೊತ್ತಾಗಿ ಮನೆ ಇರುವ ಊರಲ್ಲ. ಇಲ್ಲೊಂದು ಮನೆ, ಗುಡ್ಡದಾಚೆ ಇನ್ನೆರಡು ಮನೆ, ಹಳ್ಳದ ಆಚೆ ಮೂರು. ನಡುವೆ ಗದ್ದೆ, ತೋಟ, ಕಾಡು. ನಮ್ಮ ಮನೆ ಹಳ್ಳದ ಈಚೆ, ಶಾಲೆ ಆಚೆ. ನಕ್ಷೆಯಲ್ಲಿ ಸ್ಕೇಲ್ ಇಟ್ಟು ಅಳೆದರೆ ಒಂದು ಕಿಲೋಮೀಟರ್ ಕೂಡ ಇರಲಿಕ್ಕಿಲ್ಲ. ಹಳ್ಳ ಇಳಿದಾಗ ಇಪ್ಪತ್ತು ನಿಮಿಷದ ದಾರಿ. ಹಳ್ಳ ಏರಿದಾಗ ಅದು ಬೇರೆಯೇ ದೇಶ.

ಮೇ ಕೊನೆಯಲ್ಲಿ, ಮೃಗಶಿರಾ ಹಿಡಿಯುವ ಮೊದಲು, ಸಂಕ ಹಾಕುವ ದಿನ ಅಂತ ಒಂದು ಇರುತ್ತಿತ್ತು. ಹಳ್ಳದ ಎರಡೂ ಕಡೆಯ ಮನೆಗಳಿಂದ ಒಬ್ಬೊಬ್ಬ ಗಂಡಸು ಬರಬೇಕು. ಯಾರ ತೋಟದಲ್ಲಿ ಅಡಿಕೆ ಮರ ಮುರಿದು ಬಿದ್ದಿದೆಯೋ ಅವರದ್ದು ಮರ. ಎರಡು ಮರ ಜೋಡಿಸಿ, ಮೇಲೆ ಸೀಳಿದ ಮರದ ದಬ್ಬೆ ಬಡಿದು, ಒಂದು ಬದಿಗೆ ಹಿಡಿಯಲು ಬಿದಿರಿನ ಗಳ ಕಟ್ಟುತ್ತಿದ್ದರು. ಗಳ ಒಂದೇ ಬದಿಗೆ. ಹಾಗಾಗಿ ಹೋಗುವಾಗ ಬಲಗೈಯಲ್ಲಿ ಗಳ, ಎಡಗೈಯಲ್ಲಿ ಕೊಡೆ. ಬರುವಾಗ ಅದೇ ತಿರುವುಮುರುವು. ನನಗೆ ಬಲ ಎಡ ಕಲಿಸಿದ್ದು ಮೇಷ್ಟ್ರಲ್ಲ, ಆ ಗಳ.

ಅಡಿಕೆ ಮರಕ್ಕೆ ಆಯಸ್ಸು ಕಡಿಮೆ. ಎರಡು ಮಳೆಗಾಲ ಕಂಡರೆ ಹೆಚ್ಚು. ಮೇಲೆ ಚೆನ್ನಾಗಿ ಕಾಣುತ್ತದೆ, ಒಳಗೆ ಕೊಳೆತು ಕುಂಬಾಗಿರುತ್ತದೆ. ಜುಲೈ ಹೊತ್ತಿಗೆ ಹಾವಸೆ ಕಟ್ಟಿ ಎಣ್ಣೆ ಸವರಿದ ಹಾಗೆ ಜಾರುತ್ತದೆ. ನಮ್ಮ ಅಜ್ಜ ಅದಕ್ಕೆ ಒಂದು ಉಪಾಯ ಮಾಡುತ್ತಿದ್ದ. ಭತ್ತದ ಹುಲ್ಲಿನ ಹುರಿ ಹೊಸೆದು, ಸಂಕದ ಉದ್ದಕ್ಕೂ ಮೊಳಕ್ಕೊಂದರಂತೆ ಸುತ್ತಿಬಿಡುತ್ತಿದ್ದ. ಕಾಲಿಗೆ ಹಿಡಿತ ಸಿಗಲಿ ಅಂತ. ವಾರಕ್ಕೊಮ್ಮೆ ಅದು ಕೊಳೆತು ಹೋಗುತ್ತಿತ್ತು. ವಾರಕ್ಕೊಮ್ಮೆ ಹೊಸದು ಸುತ್ತುತ್ತಿದ್ದ. ಯಾರೂ ಹೇಳಿದ್ದಲ್ಲ, ಯಾರೂ ಸಂಬಳ ಕೊಟ್ಟಿದ್ದೂ ಅಲ್ಲ.

ರಜೆ ಕೊಡಲು ಆಗ ಡಿಸಿ ಬೇಕಿರಲಿಲ್ಲ. ಹಳ್ಳದ ಬದಿಗೆ ಅಮ್ಮ ಬಟ್ಟೆ ಒಗೆಯುವ ಕಲ್ಲು ಇತ್ತು. ಬೆಳಿಗ್ಗೆ ಹೋಗಿ ನೋಡುತ್ತಿದ್ದಳು. ಕಲ್ಲು ಕಂಡರೆ ಶಾಲೆ, ಮುಚ್ಚಿದರೆ ರಜೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 204.4 ಮಿಲಿಮೀಟರ್ ದಾಟುವಂಥ ಮಳೆ ಇದ್ದರೆ ರೆಡ್ ಅಲರ್ಟ್. ಅಮ್ಮನಿಗೆ ಮಿಲಿಮೀಟರ್ ಗೊತ್ತಿರಲಿಲ್ಲ. ಆದರೆ ಅವಳ ಲೆಕ್ಕ ಇದ್ದದ್ದು ನಮ್ಮ ಹಳ್ಳಕ್ಕೆ, ನಮ್ಮ ಕಾಲಿಗೆ. ಹುಲಿಕಲ್ಲು, ಆಗುಂಬೆ ಕಡೆ ವರ್ಷಕ್ಕೆ ಏಳು ಎಂಟು ಸಾವಿರ ಮಿಲಿಮೀಟರ್ ಸುರಿಯುವ ಜಾಗ ಇದು. ಇಡೀ ಜಿಲ್ಲೆಗೆ ಒಂದು ಆದೇಶ ಹೊರಡಿಸಿದರೆ ಶಿಕಾರಿಪುರದ ಬಿಸಿಲಿಗೂ ಹುಲಿಕಲ್ಲಿನ ಮಳೆಗೂ ಒಂದೇ ಅಳತೆ ಆಗಿಬಿಡುತ್ತದೆ. ಈಗೀಗ ತಾಲೂಕುವಾರು ರಜೆ ಕೊಡುತ್ತೀರಿ. ಅದು ಒಳ್ಳೆಯದಾಯಿತು.

ಆದರೆ ಅಮ್ಮನ ಲೆಕ್ಕದಲ್ಲೂ ಒಂದು ತೂತು ಇತ್ತು. ನಿಮ್ಮ ಲೆಕ್ಕದಲ್ಲೂ ಅದೇ ತೂತು ಇದೆ. ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ.

ಬೆಳಿಗ್ಗೆ ಕಲ್ಲು ಕಾಣುತ್ತಿತ್ತು. ಶಾಲೆಗೆ ಹೋಗುತ್ತಿದ್ದೆವು. ಮಧ್ಯಾಹ್ನ ಮೇಲೆ ಗುಡ್ಡದಲ್ಲಿ ಮಳೆ ಹಿಡಿಯುತ್ತಿತ್ತು. ಶಾಲೆಯ ಹಂಚಿನ ಮೇಲೆ ಸದ್ದು ಎಷ್ಟೆಂದರೆ ಮೇಷ್ಟ್ರು ಪಾಠ ನಿಲ್ಲಿಸಿ, "ಮಗ್ಗಿ ಬರೀರಿ" ಎಂದು ಸುಮ್ನೆ ಕೂರುತ್ತಿದ್ದರು. ನಾಲ್ಕು ಗಂಟೆಗೆ ಹಳ್ಳದ ಹತ್ತಿರ ಬಂದರೆ ಕಲ್ಲೂ ಇಲ್ಲ, ಸಂಕದ ಅಡಿಗೆ ಜಾಗವೂ ಇಲ್ಲ. ಕೆಂಪು ನೀರು ಮರಕ್ಕೆ ತಾಗಿಕೊಂಡು ಹೋಗುತ್ತಿರುತ್ತಿತ್ತು. ಆಚೆ ಅಜ್ಜ ಕಂಬಳಿಕೊಪ್ಪೆ ಹಾಕಿಕೊಂಡು ನಿಂತಿರುತ್ತಿದ್ದ. ಅವನು ಬಾಯಿ ಬಿಡುತ್ತಿದ್ದದ್ದು ಮಾತ್ರ ಕಾಣುತ್ತಿತ್ತು, ಏನು ಹೇಳುತ್ತಿದ್ದಾನೆ ಅಂತ ಕೇಳುತ್ತಿರಲಿಲ್ಲ. ಕೈ ಮುಂದೆ ಮಾಡಿದರೆ ಬನ್ನಿ ಅಂತ. ಕೈ ಎತ್ತಿದರೆ ಅಲ್ಲೇ ನಿಲ್ಲಿ ಅಂತ.

ಅಪಾಯ ಇರುವುದು ಸಂಜೆಗೆ, ಸ್ವಾಮಿ. ರಜೆ ಕೊಡುವುದು ಬೆಳಿಗ್ಗೆಗೆ.

ಒಮ್ಮೆ ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಸಂಕದ ನಡುವೆ ಕಾಲು ಜಾರಿತು. ಗಳ ಹಿಡಿದಿದ್ದೆ, ಹಾಗಾಗಿ ಈ ಪತ್ರ ಬರೆಯುತ್ತಿದ್ದೇನೆ. ಕೊಡೆ ಹೋಯಿತು, ಚೀಲ ಹೋಯಿತು. ಅಕ್ಕ ಹಿಂದಿನಿಂದ ನನ್ನ ಜಡೆ ಹಿಡಿದು ಎಳೆದಳು. ಮನೆಗೆ ಬಂದ ಮೇಲೆ ಬಚ್ಚಲೊಲೆಯ ಮುಂದೆ ಕೂರಿಸಿ ಅಮ್ಮ ತಲೆ ಒರೆಸಿದಳು, ಆಮೇಲೆ ಹೊಡೆದಳು. ಕೊಡೆ ಕಳೆದದ್ದಕ್ಕೆ ಹೊಡೆದಳು ಅಂತ ಬಹಳ ವರ್ಷ ಅಂದುಕೊಂಡಿದ್ದೆ.

ಅಕ್ಕನ ವಿಷಯಕ್ಕೆ ಬರುತ್ತೇನೆ. ಅವಳು ನನಗಿಂತ ಜಾಣೆ. ಏಳನೇ ಕ್ಲಾಸಿಗೆ ನಿಂತಳು. ಹೈಸ್ಕೂಲಿಗೆ ಇನ್ನೊಂದು ಹಳ್ಳ ದಾಟಬೇಕಿತ್ತು. ಅದು ನಮ್ಮ ಹಳ್ಳಕ್ಕಿಂತ ದೊಡ್ಡದು, ಅಲ್ಲಿ ದಾಟಿಸಲು ಅಜ್ಜ ಇರಲಿಲ್ಲ. "ಮಳೆಗಾಲ ಮುಗಿಲಿ, ನೋಡೋಣ" ಎಂದರು ಅಪ್ಪ. ಮಳೆಗಾಲ ಮುಗಿಯುವ ಹೊತ್ತಿಗೆ ಅಡಿಕೆ ಕೊಯ್ಲು. ಕೊಯ್ಲು ಮುಗಿಯುವ ಹೊತ್ತಿಗೆ ವರ್ಷ ಮುಗಿದಿತ್ತು. ಯಾರೂ ಅವಳಿಗೆ ಶಾಲೆ ಬಿಡು ಎನ್ನಲಿಲ್ಲ. ಈಗಲೂ ಚೇಣಿಯ, ಅಂದರೆ ಫಸಲು ಗುತ್ತಿಗೆಯ ಲೆಕ್ಕ, ಸುಲಿದ ಅಡಿಕೆಯ ಲೆಕ್ಕ ಎಲ್ಲ ಬಾಯಲ್ಲೇ ಮಾಡುತ್ತಾಳೆ. ಕ್ಯಾಲ್ಕುಲೇಟರ್ ಹಿಡಿದ ವ್ಯಾಪಾರಿ ತಪ್ಪಿದರೆ ತಿದ್ದುತ್ತಾಳೆ. ನಾನು ಮುಂದೆ ಓದಿದ್ದು ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆ ಇದ್ದದ್ದರಿಂದ. ಇಬ್ಬರನ್ನು ಕಳಿಸಲು ಆಗಲಿಲ್ಲ. ಶಾಲೆ ಬಿಟ್ಟ ಮಕ್ಕಳ ಪಟ್ಟಿಯಲ್ಲಿ ಕಾರಣ ಬರೆಯುವ ಜಾಗ ಇರುತ್ತದಲ್ಲ, ಅಲ್ಲಿ "ಹಳ್ಳ" ಎಂದು ಯಾರಾದರೂ ಬರೆದಿದ್ದಾರಾ? ಬಡತನ, ಮನೆಗೆಲಸ, ಆಸಕ್ತಿ ಇಲ್ಲ ಎಂದೇ ಬರೆದಿರುತ್ತಾರೆ.

ಇದೆಲ್ಲ ನಲವತ್ತು ವರ್ಷದ ಹಿಂದಿನ ಕಥೆ, ಈಗ ಎಲ್ಲ ಬದಲಾಗಿದೆ ಎಂದು ನೀವು ಹೇಳಬಹುದು. ಬದಲಾಗಿದೆ, ಒಪ್ಪುತ್ತೇನೆ. ಆದರೆ 2022ರ ಆಗಸ್ಟ್ 8ನ್ನು ನೆನಪು ಮಾಡಿಕೊಳ್ಳಿ. ಆಶ್ಲೇಷಾ ಮಳೆಯ ದಿನ, ಸೋಮವಾರ. ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೇ ತರಗತಿಯ ಹುಡುಗಿ ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ ನೀರಿಗೆ ಬಿದ್ದಳು. ಎರಡು ದಿನ ಹುಡುಕಿದರು. ಸಿಕ್ಕಿದ್ದು ಹೆಣ. ನಮ್ಮ ಊರಿನಿಂದ ಘಟ್ಟ ಇಳಿದರೆ ಆ ಸೀಮೆಯೇ. ಆ ವಾರ ನಾನು ಟಿವಿ ಹಾಕಲಿಲ್ಲ. ಮಂತ್ರಿಗಳು ಹೋದರು, ಅಧಿಕಾರಿಗಳು ಹೋದರು, ಪರಿಹಾರ ಕೊಟ್ಟರು, ಕಾಲುಸಂಕಗಳ ಪಟ್ಟಿ ಮಾಡಿ ಎಂದು ಆದೇಶವಾಯಿತು. ಹೌದು, ಅದರ ನಂತರ ಬಹಳ ಕಡೆ ಕಾಂಕ್ರೀಟ್ ಸಂಕ ಬಂದಿವೆ. ಅದಕ್ಕೂ ಮೊದಲೇ "ಶಾಲಾ ಸಂಪರ್ಕ ಸೇತು" ಎಂಬ ಹೆಸರಲ್ಲಿ ಸರ್ಕಾರ ಒಂದು ಯೋಜನೆ ತಂದಿತ್ತು. ಹೆಸರೂ ಚೆಂದ, ಕೆಲಸವೂ ಹಲವು ಕಡೆ ಚೆನ್ನಾಗಿಯೇ ಆಗಿದೆ. ಅದನ್ನು ಇಲ್ಲ ಅನ್ನುವುದಿಲ್ಲ. ಹಾಗೆ ಕಟ್ಟಿದ ಒಂದು ಸಂಕದ ಮೇಲೆ ಮಕ್ಕಳು ಕೈ ಬಿಟ್ಟುಕೊಂಡು ಓಡುವುದನ್ನು ನೋಡಿ ನನಗೆ ಕಣ್ಣು ತುಂಬಿ ಬಂದದ್ದೂ ಇದೆ.

ಈಗ ನಮ್ಮೂರಿನ ಸಂಕದ ಕಥೆ ಕೇಳಿ. ಯಾರ ಹೆಸರನ್ನೂ ಹೇಳುವುದಿಲ್ಲ, ಯಾರ ಮೇಲೂ ದೂರು ಕೊಡಲು ಬರೆಯುತ್ತಿಲ್ಲ.

ಸುಮಾರು ಹದಿನೈದು ವರ್ಷದ ಹಿಂದೆ ನಮ್ಮ ಹಳ್ಳಕ್ಕೆ ಕಾಂಕ್ರೀಟ್ ಸಂಕ ಮಂಜೂರಾಯಿತು. ಎಲ್ಲರಿಗೂ ಖುಷಿ. ಅಳತೆ ತೆಗೆಯಲು ಬಂದವರು ಬಂದದ್ದು ಜನವರಿಯಲ್ಲಿ. ಜನವರಿಯಲ್ಲಿ ನಮ್ಮ ಹಳ್ಳ ನೋಡಿದರೆ ನಗು ಬರುತ್ತದೆ. ಪಾದ ಮುಳುಗುವಷ್ಟು ನೀರು, ಅದರಲ್ಲಿ ಮೀನುಮರಿ. "ಇದಕ್ಕೆ ಇಷ್ಟು ಎತ್ತರ ಯಾಕೆ?" ಎಂದರಂತೆ. ನನ್ನ ತಮ್ಮ, ದಡದಲ್ಲಿದ್ದ ಹೊನ್ನೆ ಮರ ತೋರಿಸಿ, "ಸಾರ್, ಪುಷ್ಯ ಮಳೆಗೆ ನೀರು ಇಲ್ಲಿವರೆಗೆ ಬರುತ್ತೆ" ಎಂದ. ಆ ಮರದ ಬುಡದಿಂದ ಆಳೆತ್ತರಕ್ಕೆ ಕಸ ಕಡ್ಡಿ ಸಿಕ್ಕಿಕೊಂಡಿರುವುದನ್ನೂ ತೋರಿಸಿದ. ಎಸ್ಟಿಮೇಟು ಅಷ್ಟಕ್ಕೆ ಬರುವುದಿಲ್ಲ ಎಂದರು. ಏಪ್ರಿಲ್ ಒಳಗೆ ಸಂಕ ಎದ್ದಿತು. ಎರಡೂ ಬದಿಗೆ ಕಬ್ಬಿಣದ ಪೈಪಿನ ರೇಲಿಂಗು, ಹಳದಿ ಬಣ್ಣ. ಜುಲೈಯಲ್ಲಿ ನೀರು ಅದರ ಮೇಲೆ ಹತ್ತಿತು. ಗುಡ್ಡದಿಂದ ತೇಲಿ ಬಂದ ಒಂದು ದಿಮ್ಮಿ ರೇಲಿಂಗನ್ನು ಮಡಚಿ ಹಾಕಿತು. ಮೂರನೇ ವರ್ಷ ಎರಡೂ ಕಡೆಯ ಮಣ್ಣು ಕೊಚ್ಚಿಹೋಯಿತು.

ಈಗ ಹಳ್ಳದ ನಡುವೆ ಸಂಕ ಗಟ್ಟಿಯಾಗಿ ನಿಂತಿದೆ. ದಡಕ್ಕೂ ಅದಕ್ಕೂ ನಡುವೆ ಏಳೆಂಟು ಅಡಿ ಹೊಂಡ. ಸಂಕ ಹತ್ತಲು ಇನ್ನೊಂದು ಸಂಕ ಬೇಕು! ನಮ್ಮವರು ಏನು ಮಾಡಿದ್ದಾರೆ ಗೊತ್ತಾ? ಈಚೆ ದಡದಿಂದ ಕಾಂಕ್ರೀಟಿಗೆ ಎರಡು ಅಡಿಕೆ ಮರ, ಕಾಂಕ್ರೀಟಿನಿಂದ ಆಚೆ ದಡಕ್ಕೆ ಎರಡು ಅಡಿಕೆ ಮರ. ಮೊದಲು ಒಂದು ಇತ್ತು, ಈಗ ಎರಡಾಯಿತು.

ಇನ್ನೂ ಒಂದು ತಮಾಷೆ ಇದೆ. ಹೊಸ ಸಂಕಕ್ಕೆ ಅರ್ಜಿ ಹಾಕಿದರೆ, ದಾಖಲೆಯಲ್ಲಿ ಅಲ್ಲಿ ಈಗಾಗಲೇ ಸಂಕ ಇದೆ. ಇರುವ ಸಂಕಕ್ಕೆ ಮತ್ತೆ ಸಂಕ ಕೊಡಲು ಬರುವುದಿಲ್ಲ. ರಿಪೇರಿಗೆ ಎಂದರೆ ಅದು ಬೇರೆ ಲೆಕ್ಕಶೀರ್ಷಿಕೆ. ನಮ್ಮ ತಮ್ಮ ಮೂರು ವರ್ಷ ಓಡಾಡಿ ಸುಸ್ತಾದ. ಈಗ ಮೇ ಬಂದರೆ ಮಾತಾಡದೆ ಕತ್ತಿ ಹಿಡಿದು ಮರ ಹುಡುಕಿಕೊಂಡು ಹೋಗುತ್ತಾನೆ, ಅಜ್ಜನ ಹಾಗೆ.

2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಶರಾವತಿ ಹಿನ್ನೀರಿನ ಮೇಲೆ, ಎರಡು ಕಿಲೋಮೀಟರಿಗೂ ಉದ್ದದ ಕೇಬಲ್ ಸೇತುವೆ. ಖರ್ಚು ನಾನೂರು ಚಿಲ್ಲರೆ ಕೋಟಿ. ಅಮ್ಮನ ತವರಿನವರು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಊರು ಮುಳುಗಿಸಿಕೊಂಡವರು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಕರೆಂಟು ನಾಡಿಗೆಲ್ಲ ಹೋಯಿತು. ಹಿನ್ನೀರಿನಾಚೆಯ ತುಮರಿ ಕಡೆಯವರು ಮಾತ್ರ ಹೆರಿಗೆ ನೋವಿಗೂ, ಹಾವು ಕಚ್ಚಿದರೂ ಲಾಂಚಿಗೆ ಕಾಯುತ್ತಾ ಉಳಿದರು. ಸಂಜೆ ಲಾಂಚು ನಿಂತರೆ ಮುಗಿಯಿತು, ಬೆಳಗಾಗಬೇಕು. ಅರವತ್ತು ವರ್ಷ. ಹಾಗಾಗಿ ಆ ಸೇತುವೆಗೆ ಖರ್ಚು ಜಾಸ್ತಿಯಾಯಿತು ಎಂದು ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಅದು ಯಾವತ್ತೋ ಆಗಬೇಕಿತ್ತು. ಅಮ್ಮನನ್ನು ಕರೆದುಕೊಂಡು ಹೋಗಿ ಸೇತುವೆಯ ಮೇಲೆ ನಡೆಸಿದೆ. "ಇಷ್ಟೇ ಹೊತ್ತಾ?" ಎಂದಳು ಆಚೆ ದಡದಲ್ಲಿ. ಅಷ್ಟೇ ಹೇಳಿದ್ದು.

ವಾಪಸು ಬರುವಾಗ ತಮ್ಮನ ಮನೆಗೆ ಹೋದೆವು. ಜೋರು ಮಳೆ. ಕಾರನ್ನು ಹಳ್ಳದ ಆಚೆ ಅಂಗಡಿಯ ಹತ್ತಿರ ಬಿಟ್ಟೆವು. ಶಾಲೆ ಬಿಟ್ಟ ಹೊತ್ತು. ತಮ್ಮನ ಮಗಳು ನಾಲ್ಕನೇ ಕ್ಲಾಸು, ಅವಳ ಜೊತೆ ಇನ್ನು ಮೂರು ಮಕ್ಕಳು. ಸಂಕದ ಹತ್ತಿರ ಸಾಲಾಗಿ ನಿಂತಿದ್ದರು. ಆಚೆ ನಾದಿನಿ ನಿಂತಿದ್ದಳು, ಕಂಬಳಿಯ ಬದಲು ಪ್ಲಾಸ್ಟಿಕ್ ಕೊಪ್ಪೆ. ಕೈ ಮುಂದೆ ಮಾಡಿದಳು. ಮಕ್ಕಳು ಒಬ್ಬೊಬ್ಬರಾಗಿ ಹೊರಟರು. ಎಲ್ಲರ ಬಲಗೈ ಗಳದ ಮೇಲೆ. "ಅತ್ತೆ, ನೀನು ಚಪ್ಪಲಿ ಬಿಚ್ಚು, ಜಾರುತ್ತೆ" ಎಂದು ಆ ಮಗು ನನಗೇ ಹೇಳಿಕೊಟ್ಟಿತು. ಅಮ್ಮನನ್ನು ಆ ದಿನ ದಾಟಿಸಲು ಆಗಲಿಲ್ಲ. ಮಗನ ಮನೆ ಕಣ್ಣಿಗೆ ಕಾಣುತ್ತಿತ್ತು. ಅಂಗಡಿಯಲ್ಲಿ ಚಹಾ ಕುಡಿದು ಶಿವಮೊಗ್ಗಕ್ಕೆ ತಿರುಗಿದೆವು.

ಒಂದೇ ದಿನ ಎರಡೂ ಕಂಡದ್ದರಿಂದ ಇರಬೇಕು, ತಲೆಯಿಂದ ಹೋಗಲೇ ಇಲ್ಲ. ಎರಡು ಕಿಲೋಮೀಟರ್ ನೀರಿನ ಮೇಲೆ ಕೇಬಲ್ ಕಟ್ಟಲು ಬರುತ್ತದೆ ನಮಗೆ. ಮೂವತ್ತು ಅಡಿ ಹಳ್ಳಕ್ಕೆ ಯಾಕೆ ಬರುವುದಿಲ್ಲ?

ಕೌಶಲ ಇಲ್ಲ ಎನ್ನುವ ಹಾಗಿಲ್ಲ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಪಯಸ್ವಿನಿ ಹೊಳೆಗೆ ಅರಂಬೂರಿನಲ್ಲಿ ತೂಗುಸೇತುವೆ ಕಟ್ಟಿದರು. ಅವರು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಆಮೇಲೆ ಕರ್ನಾಟಕ, ಕೇರಳ, ಆಂಧ್ರ, ಒಡಿಶಾ ಎಂದು ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ನಮ್ಮದೇ ಮಳೆ, ನಮ್ಮದೇ ಹೊಳೆ, ನಮ್ಮದೇ ತೇಲಿ ಬರುವ ದಿಮ್ಮಿ. ಅವೆಲ್ಲವನ್ನೂ ಬಲ್ಲವರು ಕಟ್ಟಿದ ಸೇತುವೆಗಳು.

ಹಣ ಇಲ್ಲ ಎನ್ನುವ ಹಾಗೂ ಇಲ್ಲ. ಒಂದು ಸಣ್ಣ ಸಂಕಕ್ಕೆ ಬೇಕಾಗುವುದು ಲಕ್ಷದ ಲೆಕ್ಕ, ಕೋಟಿಯದ್ದಲ್ಲ.

ಅರಣ್ಯ ಇಲಾಖೆ ಬಿಡುವುದಿಲ್ಲ ಎಂಬ ಮಾತು ಬಹಳ ಕೇಳುತ್ತೇವೆ. ಎಲ್ಲೋ ಕೆಲವು ಕಡೆ ಅದು ನಿಜವೂ ಹೌದು. ಆದರೆ 2006ರ ಅರಣ್ಯ ಹಕ್ಕು ಕಾಯ್ದೆ ನೋಡಿ. ಊರಿನ ಶಾಲೆ, ಅಂಗನವಾಡಿ, ರಸ್ತೆಯಂಥ ಕೆಲಸಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಬಹುದು ಎಂದಿದೆ. ಗ್ರಾಮಸಭೆ ಶಿಫಾರಸು ಮಾಡಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು. ನಮ್ಮ ಸಂಕಕ್ಕೆ ಒಂದು ಮರವನ್ನೂ ಕಡಿಯುವ ಅಗತ್ಯ ಇಲ್ಲ. ಹೊನ್ನೆ ಮರ ಅಲ್ಲೇ ಇರಲಿ, ಅದು ನಮ್ಮ ನೀರಿನ ಗುರುತು.

ಹಾಗಾದರೆ ಏನು ಅಡ್ಡ? ನನಗೆ ಅನಿಸುವುದು ಇಷ್ಟು. ಎಣಿಸುವ ರೀತಿಯೇ ಅಡ್ಡ. ಕೆಲಸ ಮಂಜೂರು ಮಾಡುವಾಗ ಎಷ್ಟು ಮನೆ, ಎಷ್ಟು ಜನ ಎಂದು ಕೇಳುತ್ತೀರಿ. ನಮ್ಮ ಹಳ್ಳದ ಈಚೆ ಇರುವುದು ಆರು ಮನೆ. ಪಟ್ಟಿಯಲ್ಲಿ ಅದು ಯಾವಾಗಲೂ ಕೊನೆಗೆ. ಅರವತ್ತು ಮನೆ ಇರುವ ಕಡೆ ಮೊದಲು ಆಗಲಿ ಎನ್ನುವುದು ನ್ಯಾಯವೇ. ಆದರೆ ಅರವತ್ತು ಮನೆಯವರಿಗೆ ಸಾಮಾನ್ಯವಾಗಿ ಬಳಸು ದಾರಿ ಒಂದು ಇರುತ್ತದೆ. ಆರು ಮನೆಯವರಿಗೆ ಸಂಕ ಬಿಟ್ಟರೆ ಇನ್ನೇನೂ ಇಲ್ಲ.

ದೂರ ಎಣಿಸುವುದೂ ಹಾಗೆಯೇ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕೇಂದ್ರ ಸರ್ಕಾರದ ನಿಯಮದಲ್ಲಿ ಐದನೇ ತರಗತಿವರೆಗಿನ ಮಕ್ಕಳಿಗೆ ನಡೆದು ಹೋಗುವ 1 ಕಿಲೋಮೀಟರ್ ಒಳಗೆ, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಇದು ಎಲ್ಲರಿಗೂ ಗೊತ್ತು. ಅದರ ಕೆಳಗೇ ಇನ್ನೊಂದು ಮಾತಿದೆ, ಅದನ್ನು ಯಾರೂ ಓದುವುದಿಲ್ಲ. ದುರ್ಗಮ ಜಾಗ, ಭೂಕುಸಿತ, ನೆರೆ, ರಸ್ತೆ ಇಲ್ಲದಿರುವುದು, ಮಕ್ಕಳು ಬರುವ ದಾರಿಯಲ್ಲಿ ಅಪಾಯ ಇರುವುದು, ಇಂಥ ಕಡೆ ಆ ದೂರವನ್ನೂ ಕಡಿಮೆ ಮಾಡಿ, ಅಪಾಯ ತಪ್ಪುವ ಹಾಗೆ ಶಾಲೆ ಇರಬೇಕು ಎಂದು. ನಮ್ಮಲ್ಲಿ ಆಗುತ್ತಿರುವುದು ಉಲ್ಟಾ. ಸಂಕಕ್ಕೆ ಹೆದರಿದ ಅಪ್ಪ ಅಮ್ಮ ಮಗುವನ್ನು ಪೇಟೆಯ ಹಾಸ್ಟೆಲಿಗೋ ನೆಂಟರ ಮನೆಗೋ ಬಿಡುತ್ತಾರೆ. ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಾರೆ. ಮಕ್ಕಳಿಲ್ಲ ಎಂದು ಶಾಲೆಯನ್ನು ಇನ್ನೊಂದು ಶಾಲೆಗೆ ಸೇರಿಸುತ್ತಾರೆ. ಉಳಿದ ನಾಲ್ಕು ಮಕ್ಕಳಿಗೆ ಈಗ ಒಂದರ ಬದಲು ಎರಡು ಸಂಕ. ಹೋಗಲು ಬೇರೆ ಕಡೆ ಇಲ್ಲದವರೇ ಆ ನಾಲ್ಕು ಮಕ್ಕಳು, ತೋಟದ ಕೆಲಸಕ್ಕೆ ಹೋಗುವವರ ಮಕ್ಕಳು. ವಾಹನ ಕೊಡುತ್ತೇವೆ ಎನ್ನುತ್ತೀರಿ. ವಾಹನ ಬರುವುದು ಅಂಗಡಿಯವರೆಗೆ. ಎಂಟನೇ ಕ್ಲಾಸಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಬಂದಾಗಲೂ ಹೀಗೇ ಆಗಿತ್ತು. ನಮ್ಮ ಕಡೆಯ ಮಕ್ಕಳ ಸೈಕಲ್ಲುಗಳೆಲ್ಲ ಮಳೆಗಾಲ ಪೂರ್ತಿ ಅದೇ ಅಂಗಡಿಯ ಗೋಡೆಗೆ ಒರಗಿ ತುಕ್ಕು ಹಿಡಿದವು.

ಸುದ್ದಿಯಲ್ಲೂ ಎಣಿಕೆ ಹೀಗೇ ಇದೆ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ದೇಶವೆಲ್ಲ ನೋಡಿತು, ನೋಡಬೇಕಾದ್ದೇ. ಪ್ರತಿ ಜುಲೈಯಲ್ಲಿ ಕೊಚ್ಚಿಹೋಗುವ ಸಂಕಗಳು ಸ್ಥಳೀಯ ಪುಟದ ಕೆಳಗಿನ ಮೂಲೆಯಲ್ಲಿ ನಾಲ್ಕು ಸಾಲು. ಮಗು ಬಿದ್ದರೆ ಮಾತ್ರ ಮೊದಲ ಪುಟ.

ನಾನು ಕೇಳುವುದು ದೊಡ್ಡದೇನಲ್ಲ. ಹೊಸ ಸಮೀಕ್ಷೆಯೂ ಬೇಡ. ಯಾವ ಮಗು ಯಾವ ಸಂಕ ದಾಟಿ ಬರುತ್ತದೆ ಎಂಬುದು ಪ್ರತಿ ಶಾಲೆಯ ಹೆಡ್ ಮಾಸ್ಟರಿಗೆ ಬಾಯಿಪಾಠ. ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಅರ್ಧ ಗಂಟೆಯಲ್ಲಿ ಬರೆದುಕೊಡುತ್ತಾರೆ. ಅದನ್ನು ಪಂಚಾಯಿತಿ ಗೋಡೆಗೆ ಅಂಟಿಸಿ. ಯಾವುದು ಮರದ್ದು, ಯಾವುದು ಕಾಂಕ್ರೀಟು, ಯಾವುದು ನಮ್ಮದರ ಹಾಗೆ ನಡುನೀರಿನಲ್ಲಿ ನಿಂತಿದೆ ಎಲ್ಲ ಬರೆಯಿರಿ. "ಸಂಕ ಇದೆ" ಎಂದು ದಾಖಲೆ ಹೇಳಿದರೆ, ಅದರ ಮೇಲೆ ಜುಲೈಯಲ್ಲಿ ಯಾರು ನಡೆದು ನೋಡಿದ್ದಾರೆ ಎಂದೂ ಬರೆಯಿರಿ. ಅಳತೆಗೆ ಬರುವ ಇಂಜಿನಿಯರನ್ನು ಮಳೆಗಾಲದಲ್ಲಿ ಒಮ್ಮೆ ಕಳಿಸಿ. ಕಟ್ಟುವುದು ಬೇಸಿಗೆಯಲ್ಲೇ ಆಗಲಿ, ಎತ್ತರ ಮಾತ್ರ ಮಳೆಗಾಲದಲ್ಲಿ ಗೊತ್ತಾಗುವುದು.

ಸಂಕ ಆಗುವವರೆಗೆ ಇನ್ನೊಂದು ಕೆಲಸ ಮಾಡಬಹುದು. ಇದು ನನ್ನ ತಲೆಗೆ ಹೊಳೆದದ್ದು, ನಗಬೇಡಿ. ಬಿಸಿಯೂಟದವರಿಗೆ ಗೌರವಧನ ಕೊಡುತ್ತೀರಿ ಅಲ್ವಾ, ಹಾಗೆಯೇ ಜೂನಿನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಅಪಾಯದ ಸಂಕಕ್ಕೆ ಒಬ್ಬರನ್ನು ನೇಮಿಸಿ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಹಗ್ಗ, ಒಂದು ಟಾರ್ಚು, ಶಾಲೆಗೆ ಫೋನ್ ಮಾಡಲು ಒಂದು ನಂಬರು. ಮಧ್ಯಾಹ್ನ ನೀರು ಏರಿದರೆ ಅವರು ಮೇಷ್ಟ್ರಿಗೆ ಹೇಳುತ್ತಾರೆ, ಮೇಷ್ಟ್ರು ಮಕ್ಕಳನ್ನು ಅಲ್ಲೇ ಉಳಿಸಿಕೊಳ್ಳುತ್ತಾರೆ. ಈಗ ಈ ಕೆಲಸವನ್ನು ಅಮ್ಮಂದಿರು ಮಾಡುತ್ತಿದ್ದಾರೆ. ನಾಟಿ ಕೆಲಸ ಅರ್ಧಕ್ಕೆ ಬಿಟ್ಟು ಮೂರೂವರೆಗೇ ಹಳ್ಳಕ್ಕೆ ಬರುತ್ತಾರೆ. ಅರ್ಧ ದಿನದ ಕೂಲಿ ಹೋಗುತ್ತದೆ. ಮಳೆಗಾಲ ಪೂರ್ತಿ ಲೆಕ್ಕ ಹಾಕಿ ನೋಡಿ, ನಿಮ್ಮ ಗೌರವಧನ ಏನೂ ಅಲ್ಲ.

ಪೇಟೆಯ ಅಪ್ಪ ಅಮ್ಮಂದಿರಲ್ಲೂ ಒಂದು ಮಾತು. ರಜೆಯ ಆದೇಶ ಬಂದಾಗ ಅದನ್ನು ಹತ್ತು ಗುಂಪಿಗೆ ಕಳಿಸುತ್ತೀರಿ. ಅದರ ಜೊತೆ ನಿಮ್ಮ ಹಳ್ಳಿ ಮನೆಯ ದಾರಿಯ ಸಂಕದ ಒಂದು ಫೋಟೋ ಕಳಿಸಿ. ನಮ್ಮಲ್ಲಿ ಅರ್ಧಕ್ಕರ್ಧ ಜನ ಅಂಥದ್ದೊಂದು ದಾಟಿಯೇ ಬಂದವರು. ಈಗ ಅದನ್ನು ನೆನಪಿನ ತಮಾಷೆ ಮಾಡಿಕೊಂಡಿದ್ದೇವೆ. "ನಮ್ಮ ಕಾಲದಲ್ಲಿ ಎಂಥ ಮಳೆ, ಎಂಥ ಸಂಕ, ಆದರೂ ಶಾಲೆ ತಪ್ಪಿಸಲಿಲ್ಲ" ಎಂದು ಮಕ್ಕಳ ಮುಂದೆ ಹೇಳಿಕೊಳ್ಳುತ್ತೇವೆ. ನಾನೂ ಹೇಳಿದ್ದೇನೆ. ಅಕ್ಕ ಒಂದು ಸಲ ಅಲ್ಲೇ ಕೂತಿದ್ದಳು. ಆಮೇಲೆ ನಾನು ಆ ಕಥೆ ಹೇಳುವುದು ಬಿಟ್ಟೆ.

ಈಗ ಬೇಸಿಗೆ. ನಮ್ಮ ಹಳ್ಳದಲ್ಲಿ ಕಲ್ಲಿನ ಮೇಲೆ ಕಾಲಿಟ್ಟುಕೊಂಡೇ ದಾಟಬಹುದು. ಈಗ ಬರಬೇಡಿ. ಈಗ ಬಂದರೆ ನಿಮಗೂ ನಗು ಬರುತ್ತದೆ.

ಜುಲೈ ಕೊನೆಗೆ ಬನ್ನಿ, ಪುಷ್ಯ ಮಳೆಯಲ್ಲಿ. ಹಿಂದೆ ಮುಂದೆ ಗಾಡಿ ಬೇಡ, ಅಂಗಡಿಯಿಂದ ಆಚೆ ಅವು ಹೇಗೂ ಬರುವುದಿಲ್ಲ. ನಾಲ್ಕು ಗಂಟೆ ಸುಮಾರಿಗೆ ಶಾಲೆಯ ಹತ್ತಿರ ಇರಿ. ಕೊಡೆ ನಾವು ಕೊಡುತ್ತೇವೆ. ಉಂಬಳ, ಅಂದರೆ ಜಿಗಣೆ ಹತ್ತಿದರೆ ಸುಣ್ಣ ತಂಬಾಕು ನಾದಿನಿ ಇಟ್ಟಿರುತ್ತಾಳೆ. ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ. ಗಳ ಬಲಗಡೆ ಇದೆ. ಮುಂದೆ ಹೋಗುವ ಮಗು ದಾಟಿ ಮುಗಿಯುವವರೆಗೆ ನೀವು ಕಾಲಿಡಬೇಡಿ, ಎರಡು ಜನರ ಭಾರ ಅದು ತಡೆಯುವುದಿಲ್ಲ.

ಇಂತಿ,
ಹೊಸನಗರ ತಾಲೂಕಿನಲ್ಲಿ ಹುಟ್ಟಿ ಶಿವಮೊಗ್ಗದಲ್ಲಿರುವ ಒಬ್ಬ ಹೆಂಗಸು